ಎರಡು ಸಹಿ ಬೇಕಾದ ಕಾಗದ

ಸ್ಟ್ಯಾನ್ಮೋರ್, ಮೊದಲ ವಾರ

ಲಂಡನ್ನಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು, ಅರಮನೆ ನೋಡಿದಿರಾ ಎಂದು. ನೋಡಿದೆ, ಹೊರಗಿನಿಂದ. ಮೈಸೂರಿನವಳಿಗೆ ಅರಮನೆಯೇನು ಹೊಸದಲ್ಲ. ಆರು ವಾರ ಅಲ್ಲಿದ್ದು ನಾನು ಎಲ್ಲಕ್ಕಿಂತ ಹೆಚ್ಚು ನೋಡಿದ್ದು, ಲಂಡನ್ನಿನ ಅಂಚಿನ ಸ್ಟ್ಯಾನ್ಮೋರಿನಲ್ಲಿರುವ ತಂಗಿಯ ಅಡುಗೆಮನೆ ಕಿಟಕಿಯಿಂದ ಕಾಣುವ ಎದುರು ಮನೆಯ ಬಾಗಿಲನ್ನು.

ನೀಲಿ ಬಣ್ಣದ ಬಾಗಿಲು. ಅದರ ಬಲಗಡೆ ಚೌಕಟ್ಟಿನಲ್ಲಿ ಬೆರಳುದ್ದದ ಒಂದು ಬೆಳ್ಳಿ ಡಬ್ಬಿಯನ್ನು ಸ್ವಲ್ಪ ಓರೆಯಾಗಿ ಹೊಡೆದಿದ್ದರು. ಮನೆಯವರು ಒಳಗೆ ಹೋಗುವಾಗ ಅದನ್ನು ಮುಟ್ಟಿ, ಬೆರಳನ್ನು ತುಟಿಗೆ ತಂದುಕೊಳ್ಳುತ್ತಿದ್ದರು. ನನ್ನ ಕಾನ್ವೆಂಟ್ ಶಾಲೆಯ ಪ್ರಾರ್ಥನಾಮಂದಿರದ ಬಾಗಿಲಲ್ಲಿ ತೀರ್ಥದ ಬಟ್ಟಲು ಇರುತ್ತಿತ್ತು. ನಾವು ಹಿಂದೂ ಹುಡುಗಿಯರೂ ಅದರಲ್ಲಿ ಬೆರಳದ್ದಿ ಹಣೆಗೆ ಹಚ್ಚಿಕೊಂಡು, ಆ ತಣ್ಣನೆಯ ಖುಷಿಗೆ ನಗುತ್ತಿದ್ದೆವು. ಆ ಬಾಗಿಲು ನೋಡಿದಾಗ ಅದೇ ನೆನಪಾಗುತ್ತಿತ್ತು.

ಬಾಗಿಲ ಒಡತಿಯ ಪರಿಚಯವಾಗಿದ್ದು ನನ್ನ ಒಗ್ಗರಣೆಯಿಂದ. ತಂಗಿ ಸುಮ ಒಂದು ಜಿಪಿ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಅವಳು ಹೊರಟ ಮೇಲೆ ನಾನೊಬ್ಬಳೇ. ಸಾರಿಗೆ ಸಾಸಿವೆ, ಇಂಗು, ಒಣಮೆಣಸಿನಕಾಯಿ ಹಾಕಿದೆ ನೋಡಿ, ಸೂರಿನಲ್ಲಿದ್ದ ಹೊಗೆಯ ಅಲಾರಂ ಕಿವಿ ಹರಿಯುವಂತೆ ಕಿರುಚತೊಡಗಿತು. ಏನು ಮಾಡಬೇಕೆಂದು ತೋಚದೆ ಸಾರಿನ ಪಾತ್ರೆ ಹಿಡಿದುಕೊಂಡೇ ರಸ್ತೆಗೆ ಬಂದುಬಿಟ್ಟೆ. ಎದುರು ಮನೆಯಿಂದ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ಟವೆಲ್ ಹಿಡಿದು ಓಡಿ ಬಂದಳು. ಕುರ್ಚಿ ಹತ್ತಿ, ಅಲಾರಂ ಕೆಳಗೆ ಟವೆಲ್ ಬೀಸಿ ಬೀಸಿ ಅದರ ಬಾಯಿ ಮುಚ್ಚಿಸಿದಳು.

"ನಮ್ಮನೆಯದೂ ಶುಕ್ರವಾರ ಶುಕ್ರವಾರ ಹೀಗೇ ಕೂಗುತ್ತೆ," ಎಂದಳು ಇಳಿದು. "ಅದಿರಲಿ, ಈ ವಾಸನೆ ಏನು?"

"ಇಂಗು," ಎಂದೆ. ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನ್ನ ಕಾನ್ವೆಂಟಿನಲ್ಲಿ ಯಾರೂ ಕಲಿಸಿರಲಿಲ್ಲ.

ಅವಳ ಹೆಸರು ರೂತ್. ಯೆಹೂದಿಗಳ ಮನೆ. ಬಾಗಿಲ ಆ ಡಬ್ಬಿಯೊಳಗೆ ಅವರ ಪ್ರಾರ್ಥನೆ ಬರೆದ ಸುರುಳಿ ಇರುತ್ತದಂತೆ. ಹದಿನೈದು ವರ್ಷದ ಮಗಳು ನೋವಾ. ನಾವು ಆಡಿದ್ದೆಲ್ಲ ಇಂಗ್ಲಿಷಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಊಟದ ಮೇಜು

ಸುಮಳ ಮಗಳು ಇಂಚರ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಊಟದ ಮೇಜಿನ ಅರ್ಧ ಅವಳ ಕಾಗದಗಳದ್ದೇ. ಕನ್ನಡ ಚೆನ್ನಾಗಿ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳಾಗಿ ಕನ್ನಡಕ್ಕೆ ಬಂದಳು ಎಂದರೆ ಒಂದೋ ಹಸಿವಾಗಿದೆ, ಇಲ್ಲ ವಿಷಯ ಗಂಭೀರವಾಗಿದೆ.

"ಏನೇ ಇದು ಇಷ್ಟೊಂದು ಕಾಗದ?" ಎಂದು ಕೇಳಿದೆ, ಕೋಸು ಹೆಚ್ಚುತ್ತಾ.

"ಕನ್ಸೆಂಟ್ ಫಾರ್ಮ್ಸ್, ದೊಡ್ಡಮ್ಮ."

ಯೆಹೂದಿ ಹದಿಹರೆಯದವರು ಹೇಗೆ ಗೆಳೆತನ ಮಾಡುತ್ತಾರೆ ಎನ್ನುವುದು ಅವಳ ವಿಷಯ. ಶನಿವಾರ ಫೋನೇ ಮುಟ್ಟದ ಮನೆಯ ಹುಡುಗಿ, ಮುಟ್ಟುವ ಮನೆಯ ಹುಡುಗಿ, ಇಬ್ಬರೂ ಹೇಗೆ ಒಬ್ಬರಿಗೊಬ್ಬರು ಅಂಟಿಕೊಂಡಿರುತ್ತಾರೆ, ಎಲ್ಲಿ ಮುನಿಯುತ್ತಾರೆ, ಹೇಗೆ ರಾಜಿಯಾಗುತ್ತಾರೆ. ಪ್ರತಿ ಜೋಡಿಯ ಇಬ್ಬರು ಗೆಳತಿಯರನ್ನೂ ಮಾತಾಡಿಸಬೇಕು. ಆದ್ದರಿಂದ ಇಬ್ಬರ ಮನೆಯಿಂದಲೂ ಒಪ್ಪಿಗೆ ಬೇಕು. ಒಬ್ಬಳ ತಾಯಿ ಸಹಿ ಮಾಡಿ ಇನ್ನೊಬ್ಬಳ ತಾಯಿ ಮಾಡದಿದ್ದರೆ ಆ ಜೋಡಿಯೇ ಬಿಟ್ಟುಹೋಯಿತು.

"ಗೆಳೆತನದ ಬಗ್ಗೆ ಓದೋದಕ್ಕೂ ಡಿಗ್ರಿ ಕೊಡ್ತಾರೇನೇ?" ಎಂದು ನಕ್ಕೆ. ಅವಳೂ ನಕ್ಕಳು, ಆದರೆ ಪೂರ್ತಿಯಾಗಿ ಅಲ್ಲ. ಇನ್ನೂ ಒಂದು ಜೋಡಿ ಸಿಗಬೇಕಿತ್ತು. ಅಷ್ಟಿಲ್ಲದೆ ಈ ಸಂಶೋಧನೆ ಪೂರ್ತಿಯಾಗುವುದಿಲ್ಲ ಎಂದು ಅವಳ ಗೈಡ್ ಹೇಳಿದ್ದರು. ಬೇಸಿಗೆ ರಜೆ ಬಂದರೆ ಹುಡುಗಿಯರು ಬೇರೆ ಬೇರೆ ಶಾಲೆಗೆ ಹಂಚಿಹೋಗುತ್ತಾರೆ, ಎರಡು ವರ್ಷದ ಓಡಾಟ ನೀರಿಗೆ ಬೀಳುತ್ತದೆ.

ಕಾಗದ ಕೈಗೆತ್ತಿಕೊಂಡೆ. ಮೊದಲ ಹಾಳೆ ತಂದೆತಾಯಿಗೆ. ಅದರ ಕೆಳಗೆ ಇನ್ನೊಂದು ಹಾಳೆ, ದಪ್ಪ ಅಕ್ಷರದಲ್ಲಿ, ಮಗುವಿಗೆ. 'ನಿಮ್ಮ ತಂದೆತಾಯಿ ಒಪ್ಪಿದ್ದರೂ ನೀವು ಒಲ್ಲೆ ಎನ್ನಬಹುದು. ಕಾರಣ ಹೇಳಬೇಕಾಗಿಲ್ಲ.'

ಆ ಸಾಲನ್ನು ಎರಡು ಸಲ ಓದಿದೆ. ಕೋಸು ಹೆಚ್ಚುವುದು ನಿಂತೇಹೋಯಿತು.

ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗ ಫಿಲೋಮಿನಾ ನನ್ನ ಜೀವದ ಗೆಳತಿ. ಕ್ಲಾಸಿನಲ್ಲಿ ವಿಪರೀತ ಮಾತು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನಮ್ಮ ಡೈರಿಯಲ್ಲಿ ಬರೆದು ಕಳಿಸಿದರು: ಇಬ್ಬರನ್ನೂ ಬೇರೆ ಬೇರೆ ಸೆಕ್ಷನ್ನಿಗೆ ಹಾಕುತ್ತೇವೆ, ಪೋಷಕರ ಒಪ್ಪಿಗೆ ಬೇಕು. ಅಪ್ಪ ಒಂದು ಕೈಯಲ್ಲಿ ಪೇಪರ್ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಸಹಿ ಹಾಕಿದರು. ಕಣ್ಣೆತ್ತಿ ನನ್ನನ್ನು ನೋಡಲೂ ಇಲ್ಲ. ಕೆಟ್ಟವರಲ್ಲ ಅಪ್ಪ. ಮಕ್ಕಳನ್ನು ಕೇಳುವುದು ಆಗ ಯಾರಿಗೂ ಹೊಳೆಯುತ್ತಿರಲಿಲ್ಲ, ಅಷ್ಟೇ. ಆಮೇಲೆ ಫಿಲೋಮಿನಾಳಿಗೆ ಬೇರೆ ಗೆಳತಿಯರಾದರು, ನನಗೂ ಆದರು. ಈಗ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಇಬ್ಬರೂ ಇದ್ದೇವೆ. ಹಬ್ಬಕ್ಕೊಂದು ಹೂವಿನ ಚಿತ್ರ ಕಳಿಸಿಕೊಳ್ಳುತ್ತೇವೆ.

ಅಷ್ಟರಲ್ಲಿ ಬೆಲ್ ಆಯಿತು. ಎದುರು ಮನೆಯ ನೋವಾ. ಸಿಗಬೇಕಿದ್ದ ಆ ಜೋಡಿ ಇವಳೂ ಇವಳ ಗೆಳತಿ ಶಿರಾಳೂ. ಕಾಲುಚೀಲ ಜಾರಿತ್ತು, ಬೆನ್ನಿಗೆ ಅವಳಷ್ಟೇ ದೊಡ್ಡ ಚೀಲ. ಒಳಗೂ ಬರದೆ ಇಂಚರಳಿಗೆ ಹೇಳಿದಳು: "ಶಿರಾಳ ಅಮ್ಮ ಸಹಿ ಹಾಕಿದ್ರು. ನಮ್ಮಮ್ಮ ಇನ್ನೂ ಯೋಚನೆ ಮಾಡ್ತಿದ್ದಾರೆ. ನನಗಂತೂ ಬರಬೇಕು ಅಂತ ಇದೆ."

"ಪರವಾಗಿಲ್ಲ. ನಿಧಾನವಾಗಿ ಯೋಚಿಸಲಿ," ಎಂದಳು ಇಂಚರ, ಮೆತ್ತಗೆ.

ಬಾಗಿಲು ಹಾಕಿದ ಮೇಲೆ ನಾನು ಕೇಳಿದೆ: "ಎದುರು ಮನೆಯವರೇ ಅಲ್ಲವೇನೇ? ಹೋಗಿ ಎರಡು ಮಾತು ಆಡಬಾರದಾ?"

"ಎದುರು ಮನೆಯವರು ಅಂತಾನೇ ಹೋಗಲ್ಲ, ದೊಡ್ಡಮ್ಮ."

ಅವಳು ಹಾಗೆ ಕನ್ನಡದಲ್ಲೇ ಹೇಳಿದ್ದನ್ನು ಗಮನಿಸಬೇಕಿತ್ತು. ಹಸಿವಾಗಿದೆ ಎಂದುಕೊಂಡೆ.

ಟೂಟಿಂಗ್

ಸುಮಳಿಗೆ ರಜೆ ಸಿಕ್ಕ ದಿನ ಟೂಟಿಂಗ್‌ಗೆ ಹೋದೆವು. ಸ್ಟ್ಯಾನ್ಮೋರಿನಲ್ಲಿ ಟ್ಯೂಬ್ ರೈಲು ಹತ್ತುವುದರಲ್ಲಿ ಒಂದು ಸುಖ ಇದೆ. ಜುಬಿಲಿ ಲೈನ್ ಹೊರಡುವುದೇ ಅಲ್ಲಿಂದ, ಬೇಕಾದ ಸೀಟು ಸಿಗುತ್ತದೆ. ನಾನು ಪಕ್ಕದಲ್ಲಿ ಕೂತವರಿಗೆಲ್ಲ ಅಭ್ಯಾಸಬಲದಿಂದ "ಎಲ್ಲಿ ಇಳೀತೀರಿ?" ಎಂದು ಕೇಳಿದೆ. ಒಬ್ಬ ಅಜ್ಜ ಬಿಟ್ಟು ಉಳಿದವರೆಲ್ಲ ಏನೋ ಕಳೆದುಕೊಂಡವರಂತೆ ಜೇಬು ಮುಟ್ಟಿ ನೋಡಿಕೊಂಡರು.

"ಅಕ್ಕ, ಇಲ್ಲಿ ಹಾಗೆಲ್ಲ ಕೇಳಬಾರದು ಕಣೇ," ಎಂದು ಸುಮ ಪಿಸುಗುಟ್ಟಿದಳು.

"ಮೈಸೂರಿಂದ ಬೆಂಗಳೂರಿಗೆ ಹೋಗೋ ರೈಲಲ್ಲಿ ಮಂಡ್ಯ ಬರೋದ್ರೊಳಗೆ ಅವರ ಮಗಳ ಜಾತಕ ನನ್ನ ಕೈಲಿರುತ್ತೆ," ಎಂದೆ.

"ಅದಕ್ಕೇ ಹೇಳಿದ್ದು," ಎಂದಳು ಸುಮ.

ಟೂಟಿಂಗಿನಲ್ಲಿ ಗರಿಗರಿ ಮಸಾಲೆ ದೋಸೆ ತಿಂದೆವು. ಚಟ್ನಿಯಲ್ಲಿ ಹುರಿಗಡಲೆ ಹೆಚ್ಚು, ಅದನ್ನು ನಾನು ಕ್ಷಮಿಸಿದೆ. ಎರಡು ತೆಂಗಿನಕಾಯಿ ಕೊಂಡೆ. ಅಲಾರಂ ಬಾಯಿ ಮುಚ್ಚಿಸಿದ ರೂತ್‌ಗೆ ಕೊಬ್ಬರಿ ಮಿಠಾಯಿ ಮಾಡಿಕೊಡಬೇಕು ಎಂದು ಆಗಲೇ ಮನಸ್ಸಿನಲ್ಲಿತ್ತು. ಆ ಮಿಠಾಯಿಯ ಜೊತೆ ಇನ್ನೊಂದು ಕೆಲಸವನ್ನೂ ಸೇರಿಸಿಕೊಂಡದ್ದು ಮಾತ್ರ ನನ್ನದೇ ಜಾಣತನ.

ಶನಿವಾರ, ರಸ್ತೆಯ ಆಚೆ ಬದಿ

ಸುಮ ಸೌತ್‌ಹಾಲ್‌ಗೆ ಸಾಮಾನು ತರಲು ಹೋಗಿದ್ದಳು, ಇಂಚರ ಲೈಬ್ರರಿಗೆ. ಎದುರು ಮನೆಯ ಕಾರು ಅಲ್ಲಾಡಿರಲಿಲ್ಲ. ಮಧ್ಯಾಹ್ನ ಅವರೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡು ನಡೆದುಕೊಂಡೇ ಬಂದು ಒಳಗೆ ಸೇರಿದರು. ಮನೆಮಂದಿ ಎಲ್ಲ ಇದ್ದಾರೆ, ಬಿಡುವಾಗಿದ್ದಾರೆ. ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು?

ಮೇಜಿನ ಮೇಲಿನ ಖಾಲಿ ಒಪ್ಪಿಗೆ ಕಾಗದವೊಂದನ್ನು ನೀಟಾಗಿ ಮಡಿಸಿ, ಸ್ಟೀಲ್ ಡಬ್ಬಿಯಲ್ಲಿ ಮಿಠಾಯಿ ತುಂಬಿ, ಬ್ಲೌಸಿನ ಅಂಚಿಗೆ ಪೆನ್ನು ಸಿಕ್ಕಿಸಿಕೊಂಡು ಹೊರಟೆ. ನಮ್ಮಲ್ಲಿ ಹಾಗೇ ತಾನೆ? ಅರ್ಜಿಗೆ ಸಹಿ ಬೇಕೆಂದರೆ ಬರಿಗೈಯಲ್ಲಿ ಯಾರು ಹೋಗುತ್ತಾರೆ? ನಾವೇ ಹೋಗಿ, ಕೂತು, ಕ್ಷೇಮಸಮಾಚಾರ ಕೇಳಿ, ಆಮೇಲೆ ಕಾಗದ ತೆಗೆಯುವುದು ಮರ್ಯಾದೆ. ಕಾಗದ ಕಳಿಸಿ ಸುಮ್ಮನೆ ಕೂರುವುದೇ ಅಹಂಕಾರ.

ಬೆಲ್ ಒತ್ತಿದೆ. ರೂತ್ ಬಾಗಿಲು ತೆರೆದಳು. ಒಂದು ಕ್ಷಣ ಮುಖದಲ್ಲಿ ಗಾಬರಿ. "ಯಾರಿಗಾದರೂ ಹುಷಾರಿಲ್ವಾ?"

"ಇಲ್ಲ ಇಲ್ಲ, ಸುಮ್ಮನೆ ಬಂದೆ."

ಒಳಗೆ ಕರೆದು ಕೂರಿಸಿದಳು. ಮೇಜಿಗೆ ಬಿಳಿ ಬಟ್ಟೆ, ಅದರ ಮೇಲೆ ಅರ್ಧ ಉಳಿದ, ಜಡೆಯಂತೆ ಹೆಣೆದ ಬ್ರೆಡ್ಡು, ಪಕ್ಕದಲ್ಲಿ ಕಸೂತಿಯ ಹೊದಿಕೆ. ಟಿವಿ ಇಲ್ಲ, ಫೋನಿನ ಸದ್ದಿಲ್ಲ. ನೋವಾ ಸೋಫಾದಲ್ಲಿ ಕಾಲು ಮಡಚಿಕೊಂಡು ಪುಸ್ತಕ ಓದುತ್ತಿದ್ದವಳು ನನ್ನ ಬ್ಲೌಸಿನ ಪೆನ್ನು ನೋಡಿ ಕಣ್ಣರಳಿಸಿದಳು. ನಾನು ಡಬ್ಬಿ ಮುಂದಿಟ್ಟೆ. ಅದರ ಪಕ್ಕದಲ್ಲಿ ಕಾಗದ ಬಿಡಿಸಿ ಇಟ್ಟೆ. ಅದರ ಮೇಲೆ ಪೆನ್ನು.

"ಪಾಪ, ನಮ್ಮ ಹುಡುಗಿ ಬಹಳ ಕಷ್ಟಪಟ್ಟಿದ್ದಾಳೆ," ಎಂದೆ. "ನಿಮ್ಮದೊಂದು ಸಹಿ ಆದರೆ ಮುಗೀತು."

ರೂತ್ ಪೆನ್ನನ್ನು ಮುಟ್ಟದೆ ಅದನ್ನೇ ನೋಡಿದಳು. ನಂತರ ಬಹಳ ಮೃದುವಾಗಿ ಹೇಳಿದಳು: "ಇವತ್ತು ನಾವು ಬರೆಯೋದಿಲ್ಲ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಇವತ್ತು ಕತ್ತಲಾಗೋವರೆಗೂ. ಪೆನ್ನೂ ಮುಟ್ಟೋದಿಲ್ಲ." ಡಬ್ಬಿಯ ಕಡೆ ನೋಡಿದಳು. "ಇದನ್ನೂ ತಿನ್ನೋಹಾಗಿಲ್ಲ. ನಮ್ಮ ಕಟ್ಟುಕಟ್ಟಳೆ ಇರೋ ಅಡುಗೆಮನೆಯದು ಮಾತ್ರ. ದಯವಿಟ್ಟು ತಪ್ಪು ತಿಳೀಬೇಡಿ."

ತಪ್ಪು ತಿಳಿಯುವುದೆಲ್ಲಿ ಬಂತು! ನಮ್ಮ ಅಜ್ಜಿ ಮಡಿಯಲ್ಲಿದ್ದಾಗ ಸ್ವಂತ ಮಗಳ ಮನೆಯಲ್ಲೂ ನೀರು ಮುಟ್ಟುತ್ತಿರಲಿಲ್ಲ. ಮೊಮ್ಮಕ್ಕಳಾದ ನಾವು ಹತ್ತಿರ ಸುಳಿದರೆ "ದೂರ, ದೂರ" ಎನ್ನುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದ ನನಗೆ ಇದು ಹೊಳೆಯಬೇಡವೇ? ಕಿವಿ ಬಿಸಿಯಾಯಿತು. ಪೆನ್ನು, ಕಾಗದ, ಡಬ್ಬಿ ಎಲ್ಲ ಬಾಚಿಕೊಂಡು ಎದ್ದೆ.

ಬಾಗಿಲ ತನಕ ಬಂದ ರೂತ್ ಹೇಳಿದಳು: "ವಾಸನೆ ಮಾತ್ರ ತುಂಬಾ ಚೆನ್ನಾಗಿದೆ. ಏಲಕ್ಕಿ ಅಲ್ವಾ?"

ಶನಿವಾರವೇ, ಈಚೆ ಬದಿ

ಸಂಜೆ ಇಂಚರ ಬಂದಾಗ ನಡೆದದ್ದನ್ನು ನಗೆಚಾಟಿಕೆಯಂತೆ ಹೇಳಿದೆ. ಅವಳು ನಗಲಿಲ್ಲ. ಕೋಟಿನ ಒಂದು ತೋಳು ತೆಗೆದಿದ್ದವಳು ಇನ್ನೊಂದು ತೋಳು ತೆಗೆಯುವುದನ್ನೇ ಮರೆತಳು.

"ದೊಡ್ಡಮ್ಮ, ಏನ್ ಮಾಡಿದ್ರಿ ನೀವು?"

ಕನ್ನಡ. ಹಸಿವಲ್ಲ.

"ಶನಿವಾರ ಬರೆಯಬಾರದು ಅಂತ ಗೊತ್ತಿರಲಿಲ್ಲ ಕಣೇ."

"ಶನಿವಾರ ಅಲ್ಲ ದೊಡ್ಡಮ್ಮ. ಸೋಮವಾರ ಹೋಗಿದ್ರೂ ತಪ್ಪೇ. ನೀವು ಸ್ವೀಟ್ ತಗೊಂಡು ಹೋಗಿ, ಪಾಪ ನಮ್ಮ ಹುಡುಗಿ ಅಂದ್ರೆ, ಅವರು ಹೇಗೆ ನೋ ಅಂತಾರೆ? ನೋ ಅನ್ನೋಕೆ ಆಗದೆ ಎಸ್ ಅಂದ್ರೆ ಅದು ಒಪ್ಪಿಗೆ ಅಲ್ಲ."

ಸುಮ ಸೌತ್‌ಹಾಲಿನ ಚೀಲಗಳನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಅಕ್ಕನ್ನ ಬೈಬೇಡ್ವೇ, ಒಳ್ಳೇದಕ್ಕೇ ಮಾಡಿದ್ದು."

"ಐ ನೋ, ಅಮ್ಮ. ಅದೇ ಪ್ರಾಬ್ಲಮ್ಮು."

ಇಂಚರ ನನ್ನ ಎದುರಿಗೇ ಗೈಡ್‌ಗೆ ಫೋನ್ ಮಾಡಿ, ಒಂದಕ್ಷರ ಮುಚ್ಚಿಡದೆ ಹೇಳಿದಳು. ಹೇಳದೇ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗೈಡ್ ಹೇಳಿದ್ದು ಇಷ್ಟು: ಆ ಮನೆಗೆ ವಿಶ್ವವಿದ್ಯಾಲಯದಿಂದಲೇ ಕ್ಷಮೆ ಕೇಳಿ ಪತ್ರ ಹೋಗುತ್ತದೆ. ಸಹಿ ಮಾಡಲೇಬೇಕೆಂದಿಲ್ಲ, ಮಾಡದಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದು ಅದರಲ್ಲಿ ಬರೆಯುತ್ತಾರೆ. ಎರಡು ವಾರ ಸಮಯ. ಉತ್ತರ ಅಂಚೆಯಲ್ಲಿ ಗೈಡ್‌ಗೆ ಹೋಗಬೇಕು. ಅಲ್ಲಿಯವರೆಗೆ ಈ ಮನೆಯವರು ಯಾರೂ ಆ ಮನೆಯವರ ಹತ್ತಿರ ಈ ಮಾತು ಎತ್ತಬಾರದು. ಆಮೇಲೂ ರೂತ್ ಒಲ್ಲೆ ಎಂದರೆ, ಜೋಡಿ ಹೋಯಿತು.

ಜೋಡಿ ಹೋದರೆ ಎರಡು ವರ್ಷದ ಕೆಲಸವೂ ಹೋಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇಂಚರ ಡಬ್ಬಿ ತೆರೆದು ಒಂದು ಮಿಠಾಯಿ ಬಾಯಿಗೆ ಹಾಕಿಕೊಂಡಳು. "ಚೆನ್ನಾಗಿದೆ," ಎಂದಳು. ಅವಳು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಬೆಟ್ಟದ ಬೆಂಚು

ಮುಂದಿನ ದಿನಗಳಲ್ಲಿ ಲಂಡನ್ನಿನ ಸೇತುವೆ, ದೊಡ್ಡ ಗಡಿಯಾರ, ಬೊಂಬೆಯ ಹಾಗೆ ನಿಲ್ಲುವ ಸಿಪಾಯಿ, ಎಲ್ಲ ತೋರಿಸಿದರು. ನನ್ನ ಕಣ್ಣು ಮಾತ್ರ ಆ ನೀಲಿ ಬಾಗಿಲಲ್ಲಿ. ಅಂಚೆಯವನು ಅಲ್ಲಿ ಒಂದು ಉದ್ದ ಲಕೋಟೆ ತೂರಿಸಿದ್ದನ್ನೂ ನೋಡಿದೆ.

ಹತ್ತನೆಯ ದಿನ ಬೆಳಿಗ್ಗೆ ರೂತ್ ತಾನಾಗೇ ಬಂದಳು. "ವಾಕಿಂಗ್ ಬರ್ತೀರಾ?"

ಸ್ಟ್ಯಾನ್ಮೋರಿನ ಏರಿನ ಮೇಲೆ ಮರಗಳ ನಡುವೆ ಒಂದು ಬೆಂಚಿದೆ. ಅಲ್ಲಿ ಕೂತರೆ ಊರು ದೂರಕ್ಕೆ ಹರಡಿಕೊಂಡಿರುವುದು ಕಾಣುತ್ತದೆ. ಯಾರೋ ತೀರಿಕೊಂಡ ಹೆಂಡತಿಯ ನೆನಪಿಗೆ ಹಾಕಿಸಿದ ಬೆಂಚಂತೆ, ಹಿತ್ತಾಳೆಯ ತಗಡಿನಲ್ಲಿ ಬರೆದಿತ್ತು: 'ಅವಳಿಗೆ ಇಲ್ಲಿ ಕೂರುವುದು ಇಷ್ಟವಿತ್ತು.' ಎಷ್ಟು ಸರಳ! ನಮ್ಮಲ್ಲಾದರೆ ದಾನಿಗಳ ಹೆಸರೇ ಮೂರು ಸಾಲಾಗುತ್ತಿತ್ತು.

ರೂತ್ ಹೇಳಿದಳು: "ನಮ್ಮದು ಚಿಕ್ಕ ಹಳ್ಳಿ ಇದ್ದಹಾಗೆ. ಹೆಸರು ಬದಲಾಯಿಸಿ ಬರೆದರೂ ಇದು ಯಾರ ಮಗಳು ಅಂತ ಗೊತ್ತಾಗಿಬಿಡುತ್ತೆ. ನೋವಾ ಗೆಳತಿ ಬಗ್ಗೆ ಏನೋ ಹೇಳ್ತಾಳೆ, ನಾಳೆ ಅದೇ ಅವಳಿಗೆ ಮುಳುವಾದರೆ? ನೀವೂ ತಾಯಿ. ನೀವಾಗಿದ್ದರೆ ಏನು ಮಾಡ್ತಿದ್ರಿ?"

ಅಯ್ಯೋ ದೇವರೇ. ಬಾಯ ತುದಿಯಲ್ಲೇ ಇತ್ತು. ಫಿಲೋಮಿನಾ, ಡೈರಿ, ಪೇಪರಿನ ಮರೆಯಲ್ಲಿದ್ದ ಅಪ್ಪನ ಮುಖ. ಅಷ್ಟು ಹೇಳಿದ್ದರೆ ಸಾಕು, ರೂತ್ ಕಣ್ಣೊರೆಸಿಕೊಂಡು ಸಹಿ ಹಾಕಿಬಿಡುತ್ತಿದ್ದಳು. ನನಗೆ ಹಾಗೆ ಹೇಳಲು ಬರುತ್ತದೆ ಎನ್ನುವುದೂ ನನಗೆ ಗೊತ್ತಿತ್ತು. ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿ ಮಾಡಿಕೊಂಡೆ.

"ನನ್ನನ್ನು ಕೇಳಬೇಡಿ, ರೂತ್," ಎಂದೆ. "ನಾನು ಆ ಹುಡುಗಿಯ ದೊಡ್ಡಮ್ಮ. ನನ್ನ ಮಾತು ನೆಟ್ಟಗಿರಲ್ಲ. ಕಾಗದದಲ್ಲಿ ಅವಳ ಗೈಡ್ ನಂಬರ್ ಇದೆ. ಈಗ ಹೇಳಿದ್ದನ್ನೇ ಅವರನ್ನು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಸಹಿ ಹಾಕಬೇಡಿ."

ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ನಾನು ಯಾವ ಮಾತನ್ನೂ ಆಡಿರಲಿಲ್ಲ. ಇಂಚರಳ ಎರಡು ವರ್ಷವನ್ನು ನಾನೇ ಎತ್ತಿ ಆಚೆಗೆ ಕೊಟ್ಟಂತೆ ಅನಿಸಿತು. ರೂತ್ ನನ್ನ ಕಡೆ ತಿರುಗಿದಳು.

"ಸರಿ," ಎಂದಳು. "ಹಾಗಾದರೆ ಆ ಇಂಗಿನ ಸಾರು ಮಾಡೋದು ಹೇಳಿ. ನನ್ನ ಅಡುಗೆಮನೆಯಲ್ಲಿ ನಾನೇ ಮಾಡಿಕೊಂಡರೆ ತಿನ್ನಬಹುದು."

ಬೆಂಚಿನ ಮೇಲೆ ಕೂತು, ಬೇಳೆ ಎಷ್ಟು, ಹುಣಸೆಹಣ್ಣು ಎಷ್ಟು ಎಂದು ಹೇಳಿದೆ. ಅವಳು ಬರೆದುಕೊಂಡಳು. ಅಂದು ಮಂಗಳವಾರ.

ಸ್ಟ್ಯಾನ್ಮೋರ್ ಸ್ಟೇಷನ್

ಹೊರಡುವ ಹಿಂದಿನ ದಿನ. ಗೈಡ್ ಕೊಟ್ಟಿದ್ದ ಎರಡು ವಾರ ಮುಗಿದು ಇನ್ನೊಂದು ವಾರವಾಗಿತ್ತು. "ಉತ್ತರ ಬಂತೇನೇ?" ಎಂದು ಇಂಚರಳನ್ನು ಕೇಳಿದ್ದಕ್ಕೆ, "ಹೇಳೋಹಾಗಿಲ್ಲ ದೊಡ್ಡಮ್ಮ. ಯಾರು ಬಂದ್ರು, ಯಾರು ಬರಲಿಲ್ಲ ಅಂತ ಅಮ್ಮನಿಗೂ ಹೇಳಲ್ಲ," ಎಂದುಬಿಟ್ಟಿದ್ದಳು. ಅವಳ ಮುಖ ಓದಲು ನೋಡಿದೆ. ಆ ಮಗು ಮುಖಕ್ಕೂ ಬೀಗ ಹಾಕಿತ್ತು.

ಸುಮಳಿಗಾಗಿ ಸ್ಟೇಷನ್ನಿನ ಹೊರಗೆ ಕಾಯುತ್ತಿದ್ದೆ. ಶಾಲೆ ಬಿಟ್ಟ ಹೊತ್ತು. ಹುಡುಗಿಯರ ಗುಂಪೊಂದು ಮೆಟ್ಟಿಲು ಹತ್ತಿ ಬಂತು. ಅದರಲ್ಲಿ ನೋವಾ, ಅವಳ ತೋಳಿಗೆ ತೋಳು ಸಿಕ್ಕಿಸಿಕೊಂಡ ಗುಂಗುರು ಕೂದಲಿನ ಇನ್ನೊಬ್ಬಳು. ನನ್ನನ್ನು ನೋಡಿದ್ದೇ ಇಬ್ಬರೂ ಓಡಿ ಬಂದರು.

"ಇವಳೇ ಶಿರಾ," ಎಂದಳು ನೋವಾ. ನಾನೇನೂ ಕೇಳಲಿಲ್ಲ, ಇದನ್ನು ಓದುಗರು ಗಮನಿಸಬೇಕು. ಅವಳಾಗಿಯೇ ಹೇಳಿದಳು: "ನಿಮ್ಮ ಇಂಚರ ನಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಿ, ಮೊದಲ ಸಲ ಎಲ್ಲಿ ಭೇಟಿಯಾದಿರಿ ಅಂತ ಕೇಳಿದ್ರು. ನಾನು ಊಟದ ಸಾಲಲ್ಲಿ ಅಂದೆ. ಇವಳು ಈಜುಕೊಳದಲ್ಲಿ ಅಂದ್ಲಂತೆ!"

"ಈಜುಕೊಳವೇ!" ಎಂದಳು ಶಿರಾ. "ನೀನು ನನ್ನ ಟವೆಲ್ ತಗೊಂಡು ಹೋಗಿದ್ದೆ."

"ಸುಳ್ಳು!"

ಜಗಳವಾಡುತ್ತಲೇ, ತೋಳು ಬಿಡದೆ, ಇಬ್ಬರೂ ಏರು ಹತ್ತಿ ಹೋದರು. ನಾನು ಸ್ಟೇಷನ್ನಿನ ಗೋಡೆಗೆ ಒರಗಿ ನಿಂತು ಒಬ್ಬಳೇ ನಕ್ಕೆ. ಹಾದುಹೋಗುತ್ತಿದ್ದವರಲ್ಲಿ ಇಬ್ಬರು ಜೇಬು ಮುಟ್ಟಿ ನೋಡಿಕೊಂಡರು.

ಇಂಚರಳಿಗೆ ಇದನ್ನು ಹೇಳಲಿಲ್ಲ. ಅವಳಿಗೆ ಒಂದು ಗುಟ್ಟು ಇರಬಹುದಾದರೆ ನನಗೂ ಒಂದು ಇರಲಿ.

ವಿಮಾನ ಹತ್ತುವ ಮೊದಲು

ವಿಮಾನ ನಿಲ್ದಾಣದಲ್ಲಿ ಎರಡು ಗಂಟೆ ಕಾಯುವುದಿತ್ತು. ಹಿಂದಿನ ದಿನ ಮಾತಾಡಿದ ಹುಡುಗಿಯರದೇ ಗುಂಗು. ಫೋನ್ ತೆಗೆದು, ಶಾಲೆಯ ಗುಂಪಿನಲ್ಲಿದ್ದ ಫಿಲೋಮಿನಾಳ ಹೆಸರನ್ನು ಒತ್ತಿದೆ. ಹೂವಿನ ಚಿತ್ರ ಹಾಕಲಿಲ್ಲ. ಹೀಗೆ ಬರೆದೆ: 'ಫಿಲೂ, ಮೊದಲ ದಿನ ನಾವಿಬ್ಬರೂ ಯಾವ ಬೆಂಚಿನಲ್ಲಿ ಕೂತಿದ್ವಿ, ನೆನಪಿದೆಯಾ? ಎರಡನೇದು, ಗೋಡೆ ಪಕ್ಕ. ಹೇಳಬೇಕು ಅನಿಸಿದರೆ ಹೇಳು. ಬಲವಂತ ಇಲ್ಲ.'

ಅವಳು ಈಗಿರುವ ಮಂಗಳೂರಿನಲ್ಲಿ ಆಗ ಸಂಜೆಯಾಗಿರಬೇಕು. ಸ್ವಲ್ಪ ಹೊತ್ತಿಗೆ ಫೋನ್ ಮಿಣುಕಿತು.

'ಗೋಡೆ ಪಕ್ಕ ಅಲ್ಲ ಮಾರಾಯ್ತಿ! ಮೂರನೇ ಬೆಂಚು, ಕಿಟಕಿ ಹತ್ತಿರ. ನನ್ನ ಟಿಫಿನ್ ಡಬ್ಬಿ ನೀನು ಅಲ್ಲಿಂದಲೇ ಹೊರಗೆ ಬೀಳಿಸಿದ್ದು. ಎಷ್ಟು ವರ್ಷ ಆಯ್ತು ನೀನು ಹೀಗೆ ಏನಾದರೂ ಕೇಳಿ? ಫೋನ್ ಮಾಡ್ಲಾ?'

ವಿಮಾನಕ್ಕೆ ಕರೆಯುತ್ತಿದ್ದರು. ಸಾಲಿನಲ್ಲಿ ನಿಂತುಕೊಂಡೇ, ಹೆಬ್ಬೆರಳಿನಿಂದ ಬರೆದೆ: 'ಮಾಡು. ಈಗಲೇ ಮಾಡು.'